ಗೊಬ್ಬರದ ಗುಂಡಿ ಯಾಕೆ ಬೆಚ್ಚಗಿರುತ್ತದೆ

ಹೊಳೆಗಳು ಇನ್ನೂ ದಾರಿ ಕೇಳಿಕೊಂಡು ಹರಿಯುತ್ತಿದ್ದ ಹೊಸ ಕಾಲ ಅದು. ನೆಲಕ್ಕೂ ಊಟ ಹಾಕಬೇಕು ಅಂತ ಆಗ ಯಾರಿಗೂ ಹೊಳೆದಿರಲಿಲ್ಲ. ಹೀರೇಕಾಯಿ ಸಿಪ್ಪೆ, ಉಂಡ ಬಾಳೆಲೆ, ಬಾಡಿದ ಹೂವು, ಎಲ್ಲವನ್ನೂ ಜನ ಹೊಳೆಗೆ ಸುರಿಯುತ್ತಿದ್ದರು.

ಹೊಳೆಯ ದಂಡೆಯಲ್ಲಿ ಸಂಕವ್ವ ಅಂತ ಒಬ್ಬಳಿದ್ದಳು. ಅಂಗಳದಲ್ಲಿ ಒಂದು ತರಗೆಲೆ ಬಿದ್ದರೂ ಅವಳಿಗೆ ಸಮಾಧಾನವಿಲ್ಲ. ಗುಡಿಸಿದ್ದೇ ಗುಡಿಸಿದ್ದು. ಆ ಬೋಳು ಅಂಗಳದಲ್ಲಿ ಇದ್ದದ್ದು ಒಂದೇ ಅವರೆ ಬಳ್ಳಿ. ಅದೂ ದಿನದಿನಕ್ಕೆ ಹಳದಿಯಾಗುತ್ತಿತ್ತು. ಕಾಯಿ ಬಿಡದೆ ಅದು ಒಣಗಿದರೆ ಮುಂದಿನ ವರ್ಷ ಬಿತ್ತಲು ಅವಳಿಗೆ ಒಂದು ಕಾಳೂ ಇಲ್ಲ.

ಒಂದು ಬೆಳಿಗ್ಗೆ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಅವಳು ಅಷ್ಟು ವರ್ಷ ಎಸೆದದ್ದೆಲ್ಲ ಹೊಸ್ತಿಲ ಮುಂದೆ ಗುಡ್ಡೆಯಾಗಿ ಬಿದ್ದಿತ್ತು. ಒಂದು ಸಿಪ್ಪೆಯೂ ತಪ್ಪಿರಲಿಲ್ಲ.

“ನನ್ನ ಕೈಲಿ ಆಗಲ್ಲ ತಂಗಿ. ನಿನ್ನದು ನೀನೇ ಇಟ್ಟುಕೋ” ಎಂದಿತು ಹೊಳೆ.

ನೆರೆಯವರು ನೋಡಿದರೆ ಏನಂದಾರು? ಸಂಕವ್ವ ಬಳ್ಳಿಯ ಪಕ್ಕದಲ್ಲೇ ಗುಂಡಿ ತೋಡಿ ಎಲ್ಲವನ್ನೂ ತುಂಬಿದಳು. ಮೇಲೆ ತರಗೆಲೆ ಹರಡಿ ಮಣ್ಣು ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ನಾಲ್ಕನೇ ದಿನ ಗುಂಡಿಯಿಂದ ಹಬೆ ಏಳುತ್ತಿತ್ತು. ಕೈ ಇಟ್ಟು ನೋಡಿ ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಜ್ವರದ ಕೂಸಿನ ಹಣೆಯ ಹಾಗೆ ನೆಲ ಸುಡುತ್ತಿತ್ತು. ಕಸ ತಿನ್ನಿಸಿ ನೆಲದವ್ವನಿಗೆ ಜ್ವರ ಬರಿಸಿಬಿಟ್ಟೆನಲ್ಲ ಅಂದುಕೊಂಡಳು.

ಜ್ವರಕ್ಕೆ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಗೋಣಿತಾಟು ನೆನೆಸಿ ನೆಲದ ಹಣೆಗೆ ಹಾಕಿದಳು. ಜೀರಿಗೆ ಕಷಾಯ ಕಾಯಿಸಿ, ಆರಿಸಿ, ಲೋಟ ಲೋಟ ಕುಡಿಸಿದಳು. ಕೋಲು ಹಾಕಿ ಮಗ್ಗುಲು ಬದಲಾಯಿಸಿದಳು. ಜ್ವರ ಇಳಿಯಲಿಲ್ಲ. ಮತ್ತೆ ನೆನೆಸಿದಳು, ಮತ್ತೆ ಕುಡಿಸಿದಳು, ಮತ್ತೆ ಮಗ್ಗುಲು ಬದಲಾಯಿಸಿದಳು.

ಗುಂಡಿಯ ಅಂಚಿನಿಂದ ಒಂದು ಎರೆಹುಳ ತಲೆ ಎತ್ತಿತು. ಅದರ ಬಾಯಿಯೂ ತುಂಬಿತ್ತು.

“ಉಣ್ಣೋಕೆ ಕೂತವಳಿಗೆ ಕಷಾಯ ಯಾಕವ್ವ? ನೆಲದವ್ವ ಹುಟ್ಟಿದ ಮೇಲೆ ಇದೇ ಮೊದಲ ಊಟ. ಹೊಟ್ಟೆ ಬೆಚ್ಚಗಾಗದೆ ಇರುತ್ತಾ?”

ಸಂಕವ್ವ ನಂಬಲಿಲ್ಲ. ಆರೈಕೆಯನ್ನೂ ಬಿಡಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಬಿಸಿ ತಾನಾಗಿ ಆರಿತು. ಕೈ ಹಾಕಿದರೆ ಒಂದು ಸಿಪ್ಪೆಯೂ ಇಲ್ಲ. ಬರೀ ಕಪ್ಪು ಮಣ್ಣು, ಮೊದಲ ಮಳೆಯ ವಾಸನೆ. ತಲೆ ಎತ್ತಿದರೆ ಬಳ್ಳಿಯ ಮೈತುಂಬ ಸೊಗಡಿನ ಅವರೆಕಾಯಿ. ಸಂಕವ್ವ ಎದ್ದು ಮೊದಲು ಮಾಡಿದ್ದು ಅಂಗಳದ ತರಗೆಲೆ ಬಳಿದು ತಂದು ಗುಂಡಿಗೆ ಬಡಿಸಿದ್ದು.

ಅದಕ್ಕೇ ಕೂಸೇ, ಇವತ್ತಿಗೂ ನಮ್ಮ ಹಿತ್ತಲ ಗುಂಡಿಗೆ ಕೈ ಇಟ್ಟರೆ ಬೆಚ್ಚಗಿರುತ್ತದೆ. ಜ್ವರವಲ್ಲ ಅಂತ ಗೊತ್ತಿದ್ದರೂ ನಾವು ಅದರ ಹಣೆಗೆ ಒದ್ದೆ ಗೋಣಿ ಹಾಕುವುದನ್ನು ಬಿಟ್ಟಿಲ್ಲ.