ದೇಸಾಯರ ಹಲ್ಲು, ಯಮುನಕ್ಕನ ಮೂಗುಬೊಟ್ಟು

ಯಮುನಕ್ಕನ ಮೂಗುಬೊಟ್ಟು ಹಿತ್ತಲ ಮಣ್ಣಿನಲ್ಲಿ ಬಿದ್ದುಹೋಯಿತು. ಸಾಸಿವೆಯಷ್ಟೇ ಬಂಗಾರ, ಆದರೆ ತೀರಿಹೋದ ತಾಯಿ ಕೊಟ್ಟದ್ದು. ಯಮುನಕ್ಕ ಊಟ ಬಿಟ್ಟರು. ಅವರ ಗಂಡ ದೇಸಾಯರು ಮನೆಯಾಳನ್ನು ಕರೆದು ಗುಡುಗಿದರು.

"ಹಿತ್ತಲಾ ಗುಡಿಸಾಂವ ನೀನು, ಕಳದಾಂವನೂ ನೀನ. ಬಂಗಾರ ಹುಡುಕೋ ಯಂತ್ರ ಮೂರು ತರಿಸೀನಿ. ಚಲೋದು ಆರಿಸು. ಬೊಟ್ಟು ಸಿಗಲಿಲ್ಲಂದ್ರ ನಾಳಿಂದ ಬರಬ್ಯಾಡ."

ಯಂತ್ರ ಅಂದರೆ ಉದ್ದನೆಯ ಕೋಲು, ತುದಿಗೊಂದು ತಟ್ಟೆ. ಅವನ್ನು ಮಾರಲು ತಂದವನು ಬಂಗಾರದ ಬಳೆ ಇಟ್ಟು ತೋರಿಸಿದ. ಮೂರೂ ಕೂಗಿದವು. ಅಷ್ಟು ದೊಡ್ಡ ಬಳೆಗೆ ಯಾವುದು ತಾನೇ ಕೂಗುವುದಿಲ್ಲ? ಆಳು ತಲೆ ಕೆರೆದುಕೊಂಡ.

"ಧಣ್ಯಾರ, ಈ ಮನ್ಯಾಗ ಅಷ್ಟು ಸಣ್ಣ ಬಂಗಾರ ನಿಮ್ಮ ದವಡಿ ಹಲ್ಲಾಗ ತುಂಬಿಸಿದ್ದು ಒಂದ ಅದ. ಅದಕ್ಕ ಕೂಗೂ ಯಂತ್ರನ ಬೊಟ್ಟಿಗೂ ಕೂಗತದ. ಒಂದೀಟು ನೆಲದ ಮ್ಯಾಲ ಮಲಕೋರಿ. ಮಾತಾಡಬ್ಯಾಡ್ರಿ, ತುಟಿ ಅಲುಗಿದ್ರ ಯಂತ್ರಕ್ಕ ತಿಳಿಯೂದಿಲ್ಲ."

ದೇಸಾಯರು ಕೆಂಪಾದರು. ಆಮೇಲೆ ಹೆಂಡತಿಯ ಬರಿದಾದ ಮೂಗು ನೋಡಿದರು. ರುಮಾಲು ತೆಗೆದಿಟ್ಟು, ಬೇವಿನ ಗಿಡದ ಕೆಳಗೆ ಅಂಗಾತ ಮಲಗಿದರು.

ಮೊದಲ ಯಂತ್ರ ಗಲ್ಲದ ಮೇಲೆ ಹಾದುಹೋಯಿತು, ಸದ್ದಿಲ್ಲ. ಎರಡನೆಯದೂ ಹಾಗೇ. ಮೂರನೆಯದು ಕೋಳಿಮರಿಯ ಹಾಗೆ ಚಿಂವ್ ಅಂದಿತು. ಬಾಗಿಲಲ್ಲಿ ನಿಂತಿದ್ದ ಯಮುನಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕೇಬಿಟ್ಟರು.

ಸ್ವಲ್ಪ ಹೊತ್ತಿಗೆ ಅದೇ ಯಂತ್ರ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಮತ್ತೆ ಚಿಂವ್ ಅಂದಿತು. ಬೊಟ್ಟು ಸಿಕ್ಕಿತು.

ದೇಸಾಯರು ಧೋತರದ ಮಣ್ಣು ಕೊಡವುತ್ತ ಕೇಳಿದರು, "ಲೇ, ನಿಂತಾಗ ಗಲ್ಲಕ್ಕ ಹಿಡದಿದ್ರ ಆಗ್ತಿದ್ದಿಲ್ಲೇನು?"

"ಆಗ್ತಿತ್ರಿ. ಆದ್ರ ಅಕ್ಕಾರು ನಗತಿದ್ದಿಲ್ಲ."

ಬೈಯಬೇಕೆಂದು ದೇಸಾಯರು ಬಾಯಿ ತೆರೆದರು. ಒಳಗಿನಿಂದ ಯಮುನಕ್ಕನ ನಗು ಇನ್ನೂ ಕೇಳಿಸುತ್ತಿತ್ತು. ಹಾಗೇ ಮುಚ್ಚಿಕೊಂಡರು.