ಇಲ್ಲದ ಬ್ಯಾಟರಿಯ ಭಯ

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟಿ. ರೇಷ್ಮೆಗೂಡು ಮಾರುಕಟ್ಟೆಯ ಸಾಹೇಬರು ಆಫೀಸಿನ ಕಂಪ್ಯೂಟರಿಗೆ ಲ್ಯಾಪ್‌ಟಾಪಿನ ಪ್ರೊಸೆಸರ್ ಹಾಕಿಸಿ, ಕರೆಂಟು ಉಳಿಸಿದೆ ಎಂದು ಮೆರೆಯುತ್ತಿದ್ದರು. ಅದು ರೈತರ ಒಂದೊಂದು ಹರಾಜು ಚೀಟಿ ಮುದ್ರಿಸಲೂ ಐದು ನಿಮಿಷ ತಿನ್ನುತ್ತಿತ್ತು. ಹರಾಜಿಗೆ ಅರ್ಧ ಗಂಟೆಯಿತ್ತು. ಗೂಡು ತಂದ ರೈತರು ಕಿಟಕಿಗೆ ಮುಗಿಬಿದ್ದಿದ್ದರು.

“ನಾನು ಹಾಕಿಸಿದ್ದು, ಪೆಟ್ಟಿಗೆ ಬಿಚ್ಚಕೂಡದು. ಹರಾಜು ಶುರುವಾಗುವುದರೊಳಗೆ ಇದು ಓಡದಿದ್ದರೆ ನಾಳೆಯಿಂದ ಬರಬೇಡ,” ಎಂದರು ಸಾಹೇಬರು, ಆಪರೇಟರ್ ಮುನಿಕೃಷ್ಣನಿಗೆ.

ನಮ್ಮೂರ ಮುನಿಕೃಷ್ಣ ಸ್ಕ್ರೂ ಮುಟ್ಟಲಿಲ್ಲ. ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ಸೆಟ್ಟಿಂಗಿನೊಳಗೆ ಹೊಕ್ಕ. ಪ್ರೊಸೆಸರಿನ ವೇಗ ತಳದಲ್ಲೇ ಕೂತಿತ್ತು. ಮೇಲಕ್ಕೇರಿಸಿದ. ಚೀಟಿಗಳು ಸರಸರ ಉದುರಿದವು.

“ಏನು ಮಾಡಿದೆಯೋ?” ಸಾಹೇಬರ ದನಿ ಇಳಿದಿತ್ತು.

“ಲ್ಯಾಪ್‌ಟಾಪಿನದಲ್ವಾ, ಇಲ್ಲಿ ಇಲ್ಲದ ಬ್ಯಾಟರಿ ಮುಗಿದೀತು ಅಂತ ಹೆದರಿ ತೆವಳ್ತಿತ್ತು ಸಾರ್. ಕರೆಂಟು ಸರ್ಕಾರದ್ದು, ಸಾಹೇಬರ ಮನೇದಲ್ಲ, ಹೊಟ್ಟೆ ತುಂಬ ಕುಡಿ ಅಂದೆ.”

ರೈತರು ನಕ್ಕರು. ಸಾಹೇಬರು ಕೆಮ್ಮಿದರು.

ಹರಾಜು ಮುಗಿದ ಮೇಲೆ ಸಾಹೇಬರು ಕಂಪ್ಯೂಟರ್ ಕೋಣೆಯ ಬೀಗದ ಕೈಯನ್ನು ಮುನಿಕೃಷ್ಣನಿಗೇ ಕೊಟ್ಟರು.