ಒಂದೇ ಸಲ ಬಂದ ಕೂಗು

ಏಳು ಬೆಟ್ಟ ಹತ್ತಿ ಏಳು ಬೆಟ್ಟ ಇಳಿದರೆ ಅಲ್ಲೊಂದು ಊರಿತ್ತಂತೆ. ಆ ಊರಲ್ಲಿ ಯಾರಾದರೂ ಬೆಟ್ಟದಲ್ಲಿ ದಾರಿ ತಪ್ಪಿದರೆ ಮನೆಗೊಬ್ಬರು ಹುಡುಕೋಕೆ ಹೊರಡೋರಂತೆ. ಯಾರೂ ಹೇಳಬೇಕಿರಲಿಲ್ಲ, ಯಾರೂ ಕರೆಯಬೇಕಿರಲಿಲ್ಲ. ಆದರೆ ಬೆಟ್ಟದಲ್ಲಿ ಕೂಗುಮಾರಿ ಇತ್ತಂತೆ. ಅದು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕೂಗೋದು. ಓಗೊಟ್ಟು ಹೋದವರು ಪ್ರಪಾತದ ಪಾಲು. ಮೂರು ಸಲ ಕೂಗಿದರೆ ಮನುಷ್ಯರು, ಒಂದೇ ಸಲ ಕೂಗಿದರೆ ಮಾರಿ ಅಂತ ಊರೆಲ್ಲ ನಂಬಿತ್ತು.

ಒಂದು ಸಲ ಸೌದೆಗೆ ಹೋದ ಈರಮ್ಮ ಅನ್ನೋ ಹೆಂಗಸು ಮನೆಗೆ ಬರಲಿಲ್ಲ. ಒಂದು ದಿನ ಹುಡುಕಿದರು, ಎರಡು ದಿನ ಹುಡುಕಿದರು. ಮೂರನೆಯ ದಿನ ಮಟಮಟ ಮಧ್ಯಾಹ್ನವೇ ಮಂಜು ಕವಿದು ಮುಂದೆ ನಡೆಯೋರ ಬೆನ್ನೂ ಕಾಣದಂಗಾಯ್ತು. ಹುಡುಕೋರಲ್ಲಿ ಕೆಂಚವ್ವ ಅಂತ ಗಂಡ ಸತ್ತ ಹೆಂಗಸೊಬ್ಬಳಿದ್ದಳು. ಅವಳು ಬಂಡೆಯ ಅಂಚಿಗೆ ಬಂದು ಈರಮ್ಮನನ್ನು ಕರೆದಾಗ ಕೆಳಗಿಂದ ದನಿ ಬಂತಂತೆ.

"ಕೆಂಚಕ್ಕಾ..."

ಎಲ್ಲರೂ ಕಿವಿಗೊಟ್ಟು ಕಾದರು. ಎರಡನೆಯ ಕೂಗು ಬರಲೇ ಇಲ್ಲ. ಗುಂಪಿಗೆ ಹಿರಿಯನಾದ ಬೊಮ್ಮಯ್ಯ, ಇದು ಮಾರಿಯದೇ ದನಿ, ಊರಿಗೆ ತಿರುಗೋಣ ಅಂದ. ಕೆಂಚವ್ವನಿಗೂ ಹೆದರಿಕೆಯಾಗಿತ್ತು. ಆದರೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡಳು.

"ಹೋದ ವರ್ಷ ನನ್ನ ಗಂಡನೂ ಒಂದೇ ಸಲ ಕೂಗಿದ್ದ, ಬೊಮ್ಮಣ್ಣ. ಹೆದರಿಕೊಂಡು ನಾನು ಹೋಗಲಿಲ್ಲ. ಹಗ್ಗ ಹಿಡ್ಕೋ."

ಕಲ್ಲು ತಡವಿ, ಬೇರು ತಡವಿ ಇಳಿದಳು. ಮೇಲಿನವರ ಮಾತು ಮಂಜಲ್ಲಿ ಮುಳುಗಿಹೋಯ್ತು. ನೆಲ ಸಿಕ್ಕಾಗ ಕೈಗೆಟಕೋವಷ್ಟು ಹತ್ತಿರದಲ್ಲೇ ಯಾರೋ ಕೂದಲು ಕೆದರಿಕೊಂಡು ಬಿದ್ದಿದ್ದರು. ಕೆಂಚವ್ವ ಮೊದಲು ಕಾಲು ನೋಡಿದಳಂತೆ. ಮಾರಿಯ ಪಾದ ಹಿಂದುಮುಂದಾಗಿರುತ್ತೆ ಅಂತಾರಲ್ಲ.

ಪಾದ ಹಿಂದಕ್ಕೇ ತಿರುಗಿತ್ತು.

ಹಗ್ಗ ಜಗ್ಗಿದ್ದರೆ ಸಾಕಿತ್ತು, ಮೇಲಿನವರು ಎಳೆದುಕೊಂಡುಬಿಡೋರು. ಜಗ್ಗಲಿಲ್ಲ. ಕಣ್ಣು ಮುಚ್ಚಿಕೊಂಡು ಆ ಪಾದ ಮುಟ್ಟಿದಳು. ಬಾತುಕೊಂಡಿತ್ತು, ಬಿಸಿಯಾಗಿತ್ತು. ಮುಟ್ಟಿದ್ದೇ ತಡ ನರಳೋ ಸದ್ದು. ಮೂಳೆ ಮುರಿದು ತಿರುಚಿಕೊಂಡ ಈರಮ್ಮನ ಕಾಲು ಅದು.

ಮಂಜಿಗೆ ನೆನೆದಿದ್ದ ಸೆರಗನ್ನೇ ಕೆಂಚವ್ವ ಅವಳ ಬಾಯಿಗೆ ಹಿಂಡಿದಳು.

"ನಾಲಿಗೆ ಒಣಗಿತ್ತಕ್ಕಾ," ಅಂದಳಂತೆ ಈರಮ್ಮ. "ಇನ್ನೊಂದು ಸಲ ಕೂಗೋಕೆ ಉಸಿರಿರಲಿಲ್ಲ."

ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಕೆಂಚವ್ವ ಹಗ್ಗ ಜಗ್ಗಿದಳು. ಮೇಲೆ ಬಂದು ನೋಡಿದರೆ ಬೊಮ್ಮಯ್ಯನ ಅಂಗೈ ಸುಲಿದು ರಕ್ತ ಸೋರುತ್ತಿತ್ತು. ಅವನು ತನ್ನ ಕಂಬಳಿ ತೆಗೆದು ಈರಮ್ಮನಿಗೆ ಹೊದಿಸಿದ.

ಈರಮ್ಮ ಕುಂಟಿಕೊಂಡೇ ಮೊಮ್ಮಕ್ಕಳನ್ನು ಆಡಿಸಿದಳಂತೆ. ಕೂಗುಮಾರಿ ನಿಜವಾಗಿ ಇತ್ತೋ ಇಲ್ಲವೋ, ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ ಆ ಊರಿನವರು ಹೆದರಿಕೊಂಡೇ ಆದರೂ ಇಳಿದು ನೋಡೋರಂತೆ.

ಅವರು ಆ ಬೆಟ್ಟದಲ್ಲಿ ಬಾಳಿದರು, ನಾವು ಈ ಬಯಲಲ್ಲಿ ಬಾಳೋಣ.